ಹಾಂಗ್‌ಕಾಂಗ್ ಸ್ವಾಯತ್ತತೆ ಎಷ್ಟು ಸವೆದಿದೆ? ದಾಖಲೆ ಹಿಡಿದು ಲೆಕ್ಕ ಹಾಕುವ ಬಗೆ

ಹಾಂಗ್‌ಕಾಂಗ್‌ನ ಸಂವಿಧಾನದಂತಿರುವ ಬೇಸಿಕ್ ಲಾದ 27ನೇ ವಿಧಿ 1990ರಲ್ಲಿ ಬರೆದಿಟ್ಟ ಹಾಗೆಯೇ ಇವತ್ತೂ ಇದೆ. ಮಾತಾಡುವ, ಪತ್ರಿಕೆ ನಡೆಸುವ, ಸಂಘ ಕಟ್ಟುವ, ಸಭೆ ಸೇರುವ, ಮೆರವಣಿಗೆ ಹೋಗುವ, ಮುಷ್ಕರ ಹೂಡುವ ಹಕ್ಕುಗಳೆಲ್ಲ ಅದರಲ್ಲಿವೆ. ಒಂದಕ್ಷರವೂ ಬದಲಾಗಿಲ್ಲ. ಆದರೂ 2021ರ ಜೂನ್ 24ರಂದು ಆಪಲ್ ಡೈಲಿ ಪತ್ರಿಕೆ ಕೊನೆಯ ಸಂಚಿಕೆ ಅಚ್ಚು ಹಾಕಿ ಬಾಗಿಲು ಮುಚ್ಚಿತು. ಅದೇ ವರ್ಷ ಊರಿನ ಅತಿದೊಡ್ಡ ಶಿಕ್ಷಕರ ಸಂಘ ತಾನಾಗಿಯೇ ವಿಸರ್ಜನೆಯಾಯಿತು. ಹಕ್ಕಿನ ಸಾಲು ಹಾಗೇ ಇದ್ದು ಹಕ್ಕು ಮಾತ್ರ ಕೈಬಿಟ್ಟುಹೋಗುವುದು ಹೇಗೆ? ಇದನ್ನು ಬರೆಯಹೊರಟ ಪತ್ರಕರ್ತರು, ಕಾನೂನು ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು, ಅನುವಾದಕರು ಹಿಡಿಯಬೇಕಾದ ಎಳೆ ಒಂದೇ: ಪ್ರತಿಯೊಂದು ಅಧಿಕಾರದಲ್ಲೂ ಕೊನೆಯ ಮಾತು ಯಾರದಾಗಿತ್ತು, ಈಗ ಯಾರದು, ಯಾವ ದಿನ ಯಾವ ಕಾಗದದಿಂದ ಅದು ಕೈಬದಲಾಯಿತು.

ಮೊದಲು ಕಾಗದಗಳನ್ನು ಕೂಡಿಸಿ

ಐದು ದಾಖಲೆ ಬೇಕು. 1984ರ ಡಿಸೆಂಬರ್ 19ರಂದು ಸಹಿಯಾದ, 1997ರಲ್ಲಿ ಊರನ್ನು ಬ್ರಿಟನ್ ಚೀನಾಕ್ಕೆ ಒಪ್ಪಿಸುವ ಚೀನಾ–ಬ್ರಿಟನ್ ಜಂಟಿ ಘೋಷಣೆ, ಅದರ ಮೊದಲ ಅನುಬಂಧದ ಸಮೇತ. 160 ವಿಧಿ, ಮೂರು ಅನುಬಂಧಗಳ ಬೇಸಿಕ್ ಲಾ. ಅದಕ್ಕೆ ಬಂದಿರುವ ವ್ಯಾಖ್ಯಾನಗಳು. 2020ರ ರಾಷ್ಟ್ರೀಯ ಭದ್ರತಾ ಕಾನೂನಿನ 66 ವಿಧಿಗಳು. 2024ರ ರಾಷ್ಟ್ರೀಯ ಭದ್ರತಾ ರಕ್ಷಣಾ ಕಾಯ್ದೆ. ಈ ಕೊನೆಯ ಎರಡನ್ನು ಒಂದೇ ಎಂದು ತಿಳಿದು ಬರೆಯುವವರು ಬಹಳ. ಮೊದಲನೆಯದನ್ನು ಬೀಜಿಂಗ್ ಮಾಡಿ ಹೇರಿತು, ಎರಡನೆಯದನ್ನು ಹಾಂಗ್‌ಕಾಂಗ್‌ನ ಶಾಸನ ಮಂಡಳಿಯೇ ಪಾಸು ಮಾಡಿತು. ಈ ವ್ಯತ್ಯಾಸ ಕೈತಪ್ಪಿದರೆ ಮುಂದಿನ ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಎಲ್ಲವೂ ಹಾಂಗ್‌ಕಾಂಗ್ ಸರ್ಕಾರದ ಇ-ಲೆಜಿಸ್ಲೇಶನ್ ತಾಣದಲ್ಲಿ ಚೀನಿ ಮತ್ತು ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ತೀರ್ಪುಗಳು ನ್ಯಾಯಾಂಗದ ತಾಣದಲ್ಲಿ, ಚರ್ಚೆ ಮತ್ತು ಮತದಾನದ ವಿವರಗಳು ಶಾಸನ ಮಂಡಳಿಯ ತಾಣದಲ್ಲಿವೆ. ಬೇಸಿಕ್ ಲಾದಲ್ಲಿ ಅರ್ಥ ಬೇರೆಯಾದ ಕಡೆ ಚೀನಿ ಪಾಠವೇ ಅಂತಿಮ. ಭದ್ರತಾ ಕಾನೂನಿನ ಇಂಗ್ಲಿಷ್ ಪಾಠವಂತೂ ಕೇವಲ ಮಾಹಿತಿಗಾಗಿ ಇರುವಂಥದ್ದು. ಬೇಸಿಕ್ ಲಾದ ಒಂದನೇ ಮತ್ತು ಎರಡನೇ ಅನುಬಂಧಗಳ ಹಳೆಯ ಪ್ರತಿಯನ್ನೂ ಇಳಿಸಿಕೊಳ್ಳಿ. 2021ರ ಮಾರ್ಚ್ 30ಕ್ಕೆ ಅವು ಪೂರ್ತಿ ಬದಲಾದವು. ಹಳೆಯದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಹೊಸದನ್ನು ಓದಿದರೆ ಏನು ಹೋಯಿತು ಎಂಬುದು ಕಾಣುವುದಿಲ್ಲ.

ಆಮೇಲೆ ಒಂದು ಕೋಷ್ಟಕ ಹಾಕಿ. ಅಂಕಣಗಳು ಏಳು: ಅಧಿಕಾರ ಅಥವಾ ಹಕ್ಕು, 1997ರಲ್ಲಿ ಕೊನೆ ಮಾತು ಯಾರದು, ಈಗ ಯಾರದು, ಬದಲಿಸಿದ ಸಾಧನ, ದಿನಾಂಕ, ಸ್ಥಳೀಯ ಶಾಸನ ಮಂಡಳಿಯಲ್ಲಿ ಮತ ಬಿತ್ತೇ, ಮೊದಲ ಸಲ ಬಳಸಿದ್ದು ಯಾರ ಮೇಲೆ, ಯಾವಾಗ. ಆರನೆಯ ಅಂಕಣವನ್ನು ಯಾರೂ ಹಾಕುವುದಿಲ್ಲ. ಕೋಷ್ಟಕ ತುಂಬಿದ ಮೇಲೆ ಅತಿ ಹೆಚ್ಚು ಮಾತಾಡುವುದು ಅದೇ.

ಹಳೆಯದನ್ನು ಚಿನ್ನದ ಕಾಲ ಮಾಡಬೇಡಿ

1997ನ್ನು ನೂರಕ್ಕೆ ನೂರು ಎಂದು ಹಿಡಿದು ಅಲ್ಲಿಂದ ಇಳಿಜಾರು ಎಳೆಯುವುದು ಸುಲಭ, ಆದರೆ ತಪ್ಪು. ಬ್ರಿಟಿಷರ ಕಾಲದಲ್ಲಿ ಗವರ್ನರ್ ಬರುತ್ತಿದ್ದುದು ಲಂಡನ್ನಿನ ನೇಮಕದಿಂದ. ಶಾಸನ ಮಂಡಳಿಗೆ ಜನ ನೇರವಾಗಿ ಮತ ಹಾಕಿದ್ದು ಮೊದಲ ಬಾರಿಗೆ 1991ರಲ್ಲಿ, ಅದೂ 60ರಲ್ಲಿ 18 ಸ್ಥಾನಕ್ಕೆ. 1997ರ ನಂತರ ಗವರ್ನರ್ ಜಾಗಕ್ಕೆ ಬಂದ ಮುಖ್ಯ ಕಾರ್ಯನಿರ್ವಾಹಕರನ್ನು ಇಡೀ ಊರು ಮತ ಹಾಕಿ ಆರಿಸಿದ್ದು ಎಂದೂ ಇಲ್ಲ: 1996ರಲ್ಲಿ 400 ಜನರ ಸಮಿತಿ ಆರಿಸಿತು, ಮುಂದೆ ಅದು 800, 1200 ಆಗಿ ಈಗ 1500ಕ್ಕೆ ಬಂದಿದೆ. 2019ರ ಅಕ್ಟೋಬರ್‌ನಲ್ಲಿ ಮುಖವಾಡ ನಿಷೇಧಿಸಲು ಬಳಸಿದ ತುರ್ತು ನಿಯಮಗಳ ಕಾಯ್ದೆ 1922ರದ್ದು. ಪತ್ರಕರ್ತರ ಮೇಲೆ ಹೂಡಿದ ರಾಜದ್ರೋಹದ ಕಲಮೂ ವಸಾಹತು ಸರ್ಕಾರ ಬಿಟ್ಟುಹೋದದ್ದೇ. ಇವನ್ನೆಲ್ಲ ಎರಡನೇ ಅಂಕಣದಲ್ಲಿ ಪ್ರಾಮಾಣಿಕವಾಗಿ ಬರೆಯಿರಿ.

ಕೊಟ್ಟ ಮಾತನ್ನೂ ಅಲ್ಲೇ ಬರೆಯಿರಿ. ಬೇಸಿಕ್ ಲಾದ 2ನೇ ವಿಧಿ ಅಂತಿಮ ತೀರ್ಪಿನ ಅಧಿಕಾರ ಸೇರಿದಂತೆ ಸ್ವತಂತ್ರ ನ್ಯಾಯಾಂಗಾಧಿಕಾರ ಕೊಡುತ್ತದೆ. 5ನೇ ವಿಧಿ 50 ವರ್ಷ ವ್ಯವಸ್ಥೆ ಬದಲಾಗದು ಎನ್ನುತ್ತದೆ. 22ನೇ ವಿಧಿ ಕೇಂದ್ರದ ಇಲಾಖೆಗಳು ಊರಿನ ಆಡಳಿತದಲ್ಲಿ ಕೈಹಾಕಬಾರದು ಎನ್ನುತ್ತದೆ. 45 ಮತ್ತು 68ನೇ ವಿಧಿಗಳು ಸಾರ್ವತ್ರಿಕ ಮತದಾನವೇ ಅಂತಿಮ ಗುರಿ ಎನ್ನುತ್ತವೆ. ಅಳೆಯುವ ಕೋಲು ಈ ಮಾತುಗಳು, ಯಾವುದೋ ಆದರ್ಶ ಪ್ರಜಾಪ್ರಭುತ್ವ ಅಲ್ಲ.

ಸಾಧನಗಳನ್ನು ಬೇರ್ಪಡಿಸಿ

“ಬೀಜಿಂಗ್ ಆದೇಶಿಸಿತು” ಎಂಬ ವಾಕ್ಯ ಬರೆದರೆ ಸಂಪಾದಕರು ಒಪ್ಪಬಹುದು, ವಿಷಯ ಬಲ್ಲವರು ಒಪ್ಪರು. ಚೀನಾದ ಸಂಸತ್ತಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ ಬೇರೆ, ಅದರ ಸ್ಥಾಯಿ ಸಮಿತಿ ಬೇರೆ. ಹಿಡಿತ ಐದು ದಾರಿಗಳಲ್ಲಿ ಬರುತ್ತದೆ: 158ನೇ ವಿಧಿಯ ಕೆಳಗೆ ಸ್ಥಾಯಿ ಸಮಿತಿ ಕೊಡುವ ವ್ಯಾಖ್ಯಾನ, ಕಾಂಗ್ರೆಸ್ ಅಥವಾ ಸಮಿತಿಯ ನಿರ್ಣಯ, 18ನೇ ವಿಧಿಯ ಕೆಳಗೆ ಮೂರನೇ ಅನುಬಂಧಕ್ಕೆ ರಾಷ್ಟ್ರೀಯ ಕಾನೂನು ಸೇರಿಸುವುದು, ಒಂದು ಮತ್ತು ಎರಡನೇ ಅನುಬಂಧದ ತಿದ್ದುಪಡಿ, ಊರಿನ ಮಂಡಳಿಯ ಕೈಯಿಂದಲೇ ಕಾಯ್ದೆ ಮಾಡಿಸುವುದು.

ವ್ಯಾಖ್ಯಾನಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಬೇಸಿಕ್ ಲಾಗೆ ಐದು ಬಂದಿವೆ, ಯಾರು ಕೇಳಿ ಪಡೆದರು ಎಂಬುದರಲ್ಲೇ ಕಥೆ ಇದೆ. 1999ರ ಜೂನ್‌ನಲ್ಲಿ, ವಾಸದ ಹಕ್ಕಿನ ಮೊಕದ್ದಮೆಯಲ್ಲಿ ಅಂತಿಮ ಮೇಲ್ಮನವಿ ನ್ಯಾಯಾಲಯದ ಮುಂದೆ ಸೋತ ಹಾಂಗ್‌ಕಾಂಗ್ ಸರ್ಕಾರವೇ ಬೀಜಿಂಗ್‌ಗೆ ಹೋಗಿ ಬೇಡಿತು. 2004ರ ಏಪ್ರಿಲ್‌ನಲ್ಲಿ ಯಾರೂ ಕೇಳಲಿಲ್ಲ. ಚುನಾವಣಾ ಸುಧಾರಣೆಗೆ ಮೂರು ಮೆಟ್ಟಿಲಿದ್ದುದನ್ನು ಸಮಿತಿ ತಾನಾಗಿ ಐದು ಮಾಡಿತು. ಸುಧಾರಣೆ ಬೇಕೇ ಎಂದು ಶುರುವಿನಲ್ಲೇ ತೀರ್ಮಾನಿಸುವ ಅಧಿಕಾರ ತನ್ನ ಬಳಿ ಇಟ್ಟುಕೊಂಡಿತು. 2005ರಲ್ಲಿ ಅವಧಿಗೆ ಮುಂಚೆ ಹುದ್ದೆ ಬಿಟ್ಟ ಮುಖ್ಯ ಕಾರ್ಯನಿರ್ವಾಹಕರ ಜಾಗಕ್ಕೆ ಬಂದವರ ಅವಧಿ ಎಷ್ಟು ಎಂದು ಊರಿನ ಸರ್ಕಾರ ಕೇಳಿತು. 2011ರಲ್ಲಿ ಕಾಂಗೊ ದೇಶ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ ನ್ಯಾಯಾಲಯವೇ 158ನೇ ವಿಧಿಯ ಕ್ರಮದಂತೆ ಕೇಳಿತು, ಅದು ವಿದೇಶಾಂಗ ವಿಷಯ. ಈ ಒಂದನ್ನು ಸವೆತದ ಲೆಕ್ಕಕ್ಕೆ ಸೇರಿಸಿದರೆ ನಿಮ್ಮ ವಾದವೇ ದುರ್ಬಲವಾಗುತ್ತದೆ. 2016ರ ನವೆಂಬರ್ 7ರಂದು ಪ್ರಮಾಣವಚನದ 104ನೇ ವಿಧಿಗೆ ಬಂದ ವ್ಯಾಖ್ಯಾನ ಇದಕ್ಕೆ ತದ್ವಿರುದ್ಧ: ಶಾಸಕರು ಸರಿಯಾಗಿ ಪ್ರಮಾಣವಚನ ಸ್ವೀಕರಿಸಲಿಲ್ಲ ಎಂಬ ಮೊಕದ್ದಮೆ ಹೈಕೋರ್ಟಿನ ಮುಂದೆ ಬಾಕಿ ಇರುವಾಗಲೇ ಬಂತು, ಎಂಟು ದಿನಕ್ಕೆ ತೀರ್ಪು ಹೊರಬಿತ್ತು, ಮುಂದಿನ ವರ್ಷದ ಜುಲೈ ಹೊತ್ತಿಗೆ ಒಟ್ಟು ಆರು ಶಾಸಕರು ಸ್ಥಾನ ಕಳೆದುಕೊಂಡಿದ್ದರು. ಆರನೆಯದು ಭದ್ರತಾ ಕಾನೂನಿನ ವ್ಯಾಖ್ಯಾನ. ಆಪಲ್ ಡೈಲಿ ಸ್ಥಾಪಕ ಜಿಮ್ಮಿ ಲಾಯ್ ಪರ ಬ್ರಿಟನ್ನಿನ ವಕೀಲರು ವಾದಿಸಬಹುದು ಎಂದು ಅಂತಿಮ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ಹೇಳಿತ್ತು. ಡಿಸೆಂಬರ್ 30ಕ್ಕೆ ಸ್ಥಾಯಿ ಸಮಿತಿಯ ಮಾತು ಬಂತು: ಇಂಥ ಪ್ರಶ್ನೆಗೆ ಮುಖ್ಯ ಕಾರ್ಯನಿರ್ವಾಹಕರ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಮುಖ್ಯ ಕಾರ್ಯನಿರ್ವಾಹಕರೇ ಅಧ್ಯಕ್ಷರಾಗಿರುವ ಊರಿನ ಭದ್ರತಾ ಸಮಿತಿ ತೀರ್ಮಾನಿಸುತ್ತದೆ. ಅಂತಿಮ ನ್ಯಾಯಾಲಯ ಅಂತಿಮವಾಗಿ ಉಳಿಯುವುದು ಎಲ್ಲಿಯವರೆಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಸಿಗದು.

ಮೂರನೇ ಅನುಬಂಧದ ಬಳಕೆಯಲ್ಲಿ ತೂಕದ ವಿಷಯ ಒಂದೇ. 23ನೇ ವಿಧಿಯ ಪ್ರಕಾರ ದೇಶದ್ರೋಹ, ಪ್ರತ್ಯೇಕತೆ, ಬುಡಮೇಲು ಕೃತ್ಯಗಳ ವಿರುದ್ಧದ ಕಾನೂನನ್ನು ಹಾಂಗ್‌ಕಾಂಗ್ “ತಾನೇ” ಮಾಡಬೇಕು. 2003ರ ಜುಲೈ 1ರಂದು ಸುಮಾರು 5 ಲಕ್ಷ ಜನ ಬೀದಿಗಿಳಿದದ್ದರಿಂದ ಆ ಮಸೂದೆ ಸೆಪ್ಟೆಂಬರ್‌ನಲ್ಲಿ ವಾಪಸಾಯಿತು. 2020ರಲ್ಲಿ ಬೀಜಿಂಗ್ ಆ ದಾರಿಗೆ ಕಾಯಲಿಲ್ಲ. ಜೂನ್ 30ರಂದು ಸ್ಥಾಯಿ ಸಮಿತಿ ಕಾನೂನು ಪಾಸು ಮಾಡಿತು, ಅದೇ ರಾತ್ರಿ 11ಕ್ಕೆ ಅದು ಗೆಜೆಟ್‌ನಲ್ಲಿ ಬಂದು ಜಾರಿಯಾಯಿತು. ಪೂರ್ಣ ಪಾಠವನ್ನು ಊರಿನ ಜನ ಓದಿದ್ದು ಅದು ಜಾರಿಯಾದ ಮೇಲೆ. ಆರನೇ ಅಂಕಣದಲ್ಲಿ “ಇಲ್ಲ” ಎಂದು ಬರೆಯಿರಿ. ಬೀಜಿಂಗ್‌ನ ವಾದವನ್ನೂ ಪಕ್ಕದಲ್ಲಿ ಬರೆಯಿರಿ: ರಾಷ್ಟ್ರೀಯ ಭದ್ರತೆ ಮೂಲತಃ ಕೇಂದ್ರದ ವಿಷಯ, ಸ್ವಾಯತ್ತತೆಯ ಎಲ್ಲೆಯೊಳಗಿನದಲ್ಲ, ಆದ್ದರಿಂದ 18ನೇ ವಿಧಿ ಅಡ್ಡಬರುವುದಿಲ್ಲ.

ವಿನಾಯಿತಿಯ ವಿಧಿಗಳನ್ನು ಹುಡುಕಿ ಓದಿ

ಹೊಸ ಕಾನೂನು ಕೈಗೆ ಬಂದ ತಕ್ಷಣ ಎಲ್ಲರೂ ಅಪರಾಧಗಳ ಪಟ್ಟಿಗೆ ಹೋಗುತ್ತಾರೆ. ಭದ್ರತಾ ಕಾನೂನಿನಲ್ಲಿ ಅವು 20ರಿಂದ 30ನೇ ವಿಧಿಯವರೆಗೆ ಇವೆ, ಗರಿಷ್ಠ ಶಿಕ್ಷೆ ಜೀವಾವಧಿ. ನೀವು 40ನೇ ವಿಧಿಯ ಆಚೆ ಹೋಗಿ. 42: ಮತ್ತೆ ಭದ್ರತೆಗೆ ಧಕ್ಕೆ ತರುವುದಿಲ್ಲ ಎಂದು ನಂಬಲು ಸಾಕಷ್ಟು ಕಾರಣ ಇಲ್ಲದೆ ಜಾಮೀನಿಲ್ಲ. 44: ಇಂಥ ಮೊಕದ್ದಮೆ ನಡೆಸುವ ನ್ಯಾಯಾಧೀಶರನ್ನು ಮುಖ್ಯ ಕಾರ್ಯನಿರ್ವಾಹಕರು ಗುರುತಿಸುತ್ತಾರೆ. 46: ಜ್ಯೂರಿ ಬಿಟ್ಟು ಮೂವರು ನ್ಯಾಯಾಧೀಶರ ಪೀಠಕ್ಕೆ ವಹಿಸಬಹುದು. 55: ಕೆಲವು ಪ್ರಕರಣಗಳನ್ನು ಮುಖ್ಯಭೂಮಿಗೇ ಒಯ್ಯಬಹುದು. 60: ಕೇಂದ್ರದ ಭದ್ರತಾ ಕಚೇರಿಯ ಕರ್ತವ್ಯ ಊರಿನ ನ್ಯಾಯವ್ಯಾಪ್ತಿಗೆ ಒಳಪಡದು. 62: ಸ್ಥಳೀಯ ಕಾಯ್ದೆಯೊಂದಿಗೆ ತಿಕ್ಕಾಟ ಬಂದರೆ ಈ ಕಾನೂನೇ ಗೆಲ್ಲುತ್ತದೆ. 65: ವ್ಯಾಖ್ಯಾನ ಸ್ಥಾಯಿ ಸಮಿತಿಯದು.

42ನೇ ವಿಧಿ ಒಂದನ್ನೇ ಹಿಡಿದು ಹೊರಟರೆ ಇಡೀ ಚಿತ್ರ ಸಿಗುತ್ತದೆ. ಸಾಮಾನ್ಯ ಮೊಕದ್ದಮೆಯಲ್ಲಿ ಜಾಮೀನು ನಿರಾಕರಿಸಲು ಕಾರಣ ಬೇಕು. ಇಲ್ಲಿ ಕೊಡಲು ಕಾರಣ ಬೇಕು. 2021ರ ಫೆಬ್ರವರಿ 9ರಂದು ಅಂತಿಮ ನ್ಯಾಯಾಲಯ ಲಾಯ್ ಅವರ ಜಾಮೀನಿನ ವಿಷಯದಲ್ಲಿ, ಈ ಕಾನೂನು ಬೇಸಿಕ್ ಲಾಗೆ ಹೊಂದುತ್ತದೆಯೇ ಎಂದು ಪರಿಶೀಲಿಸುವ ಅಧಿಕಾರ ತನಗಿಲ್ಲ ಎಂದಿತು. ಅದೇ ಡಿಸೆಂಬರ್‌ನಲ್ಲಿ, ವಸಾಹತು ಕಾಲದ ರಾಜದ್ರೋಹದ ಆರೋಪಕ್ಕೂ ಈ ಕಠಿಣ ಜಾಮೀನು ನಿಯಮ ಅನ್ವಯಿಸುತ್ತದೆ ಎಂದು ತೀರ್ಮಾನವಾಯಿತು. ಹೀಗೆ ವಿನಾಯಿತಿ ತಾನು ಹುಟ್ಟಿದ ಕಾನೂನು ದಾಟಿ ಹಳೆಯ ಕಾಯ್ದೆಯೊಳಗೆ ಹಬ್ಬಿತು. ಪರಿಣಾಮ ನೋಡಬೇಕಾದರೆ 47 ಪ್ರಜಾಪ್ರಭುತ್ವವಾದಿಗಳ ಪ್ರಕರಣದ ದಿನಾಂಕಗಳನ್ನು ಒಂದರ ಕೆಳಗೊಂದು ಬರೆಯಿರಿ: 2020ರ ಜುಲೈನಲ್ಲಿ ಸುಮಾರು 6 ಲಕ್ಷ ಜನ ಮತ ಹಾಕಿದ, ವಿರೋಧ ಪಾಳಯದ ಅಭ್ಯರ್ಥಿಗಳನ್ನು ಆರಿಸುವ ಅನಧಿಕೃತ ಪ್ರಾಥಮಿಕ ಚುನಾವಣೆ, ಅದಕ್ಕಾಗಿ 2021ರ ಫೆಬ್ರವರಿ 28ರಂದು ಬುಡಮೇಲು ಸಂಚಿನ ಆರೋಪ, 2024ರ ಮೇ 30ರಂದು ತೀರ್ಪು, ನವೆಂಬರ್ 19ರಂದು ಶಿಕ್ಷೆ. 31 ಜನ ತಪ್ಪೊಪ್ಪಿಕೊಂಡರು, 14 ಜನ ದೋಷಿಗಳಾದರು, ಇಬ್ಬರು ಬಿಡುಗಡೆಯಾದರು. ಹೆಚ್ಚಿನವರು ಶಿಕ್ಷೆ ಕೇಳುವ ಹೊತ್ತಿಗೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದರು.

2024ರ ಕಾಯ್ದೆಯಲ್ಲೂ ಇದೇ ಕ್ರಮ. ರಾಜದ್ರೋಹಕ್ಕೆ ಮೊದಲ ಅಪರಾಧದಲ್ಲಿ 2 ವರ್ಷ ಇದ್ದ ಗರಿಷ್ಠ ಶಿಕ್ಷೆ 7ಕ್ಕೆ, ಹೊರಗಿನ ಶಕ್ತಿಯ ಜೊತೆ ಸೇರಿದ್ದರೆ 10ಕ್ಕೆ ಏರಿತು. ಆರೋಪ ಹೊರಿಸದೆ ಇಟ್ಟುಕೊಳ್ಳುವ 48 ಗಂಟೆಯನ್ನು ನ್ಯಾಯಾಲಯದ ಒಪ್ಪಿಗೆಯಿಂದ ಇನ್ನೂ 14 ದಿನ ಹಿಗ್ಗಿಸಬಹುದು. ಆರನೇ ಅಂಕಣದಲ್ಲಿ ಈ ಬಾರಿ “ಹೌದು”: 89 ಪರ, ವಿರೋಧ ಸೊನ್ನೆ. ಮಾರ್ಚ್ 8ಕ್ಕೆ ಮಂಡನೆ, 19ಕ್ಕೆ ಅಂಗೀಕಾರ. ಈ ಸೊನ್ನೆ ಎಲ್ಲಿಂದ ಬಂತು ಎಂದು ತಿಳಿಯಲು ಚುನಾವಣೆಯ ಲೆಕ್ಕ ಬೇಕು.

ಸ್ಥಾನ ಎಣಿಸಿ, ಆಮೇಲೆ ಶೇಕಡಾ ಹಾಕಿ

2021ರಲ್ಲಿ ಶಾಸನ ಮಂಡಳಿ 70ರಿಂದ 90ಕ್ಕೆ ಬೆಳೆಯಿತು. ಬರಿಯ ಈ ಸಂಖ್ಯೆ ನೋಡಿದವರಿಗೆ ವಿಸ್ತರಣೆ ಅನ್ನಿಸೀತು. ನೇರ ಚುನಾವಣೆಯ ಸ್ಥಾನ 35ರಿಂದ 20ಕ್ಕೆ ಇಳಿಯಿತು: ಶೇ 50 ಇದ್ದದ್ದು ಶೇ 22. ಉಳಿದದ್ದು 40 ಮುಖ್ಯ ಕಾರ್ಯನಿರ್ವಾಹಕರನ್ನು ಆರಿಸುವ ಅದೇ 1500 ಜನರ ಚುನಾವಣಾ ಸಮಿತಿಗೆ, 30 ವೃತ್ತಿವಲಯಗಳಿಗೆ, ಅಂದರೆ ಆಯಾ ವೃತ್ತಿ, ಉದ್ಯಮದವರು ಮತ ಹಾಕುವ ಕ್ಷೇತ್ರಗಳಿಗೆ. ಇಲ್ಲಿ ಹೆಚ್ಚಿನವರು ಎಡವುವ ಸೂಕ್ಷ್ಮವೊಂದಿದೆ. ಹಳೆಯ 35 ವೃತ್ತಿವಲಯ ಸ್ಥಾನಗಳಲ್ಲಿ ಐದಕ್ಕೆ, ಬೇರೆ ವೃತ್ತಿವಲಯದಲ್ಲಿ ಮತವಿಲ್ಲದ ಎಲ್ಲ ಮತದಾರರೂ ಮತ ಹಾಕುತ್ತಿದ್ದರು. ಅವನ್ನು ಕೂಡಿಸಿದರೆ ಜನರ ಮತಕ್ಕೆ ಸಿಗುತ್ತಿದ್ದ ಪಾಲು 70ರಲ್ಲಿ 40, ಅಂದರೆ ಶೇ 57. ಆ ಐದೂ ಹೋದವು.

ಕಣಕ್ಕಿಳಿಯುವ ಬಾಗಿಲನ್ನೂ ಅಳೆಯಿರಿ. ಪ್ರತಿ ಅಭ್ಯರ್ಥಿಗೂ ಚುನಾವಣಾ ಸಮಿತಿಯ ಐದು ವಲಯಗಳಿಂದ ತಲಾ ಕನಿಷ್ಠ ಇಬ್ಬರ ಸೂಚನೆ ಬೇಕು, ಆಮೇಲೆ ಅರ್ಹತಾ ಪರಿಶೀಲನಾ ಸಮಿತಿಯ ಒಪ್ಪಿಗೆ. ಭದ್ರತಾ ಸಮಿತಿಯ ಅಭಿಪ್ರಾಯ ಆಧರಿಸಿದ ಅದರ ತೀರ್ಮಾನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಾಗಿಲ್ಲ. ಜಿಲ್ಲಾ ಮಂಡಳಿಗಳ ಅಂಕಿ ಇನ್ನೂ ಒರಟು: 2019ರಲ್ಲಿ 479ರ ಪೈಕಿ 452 ಸ್ಥಾನ ಜನ ಆರಿಸಿದ್ದು, 2023ರಲ್ಲಿ 470ರ ಪೈಕಿ 88.

ಮತದಾನದ ಪ್ರಮಾಣವನ್ನು ಕೊನೆಗೆ ಇಡಿ. ಜಿಲ್ಲಾ ಮಂಡಳಿಗೆ 2019ರಲ್ಲಿ ಶೇ 71.2, 2023ರಲ್ಲಿ ಶೇ 27.5. ಶಾಸನ ಮಂಡಳಿಗೆ 2016ರಲ್ಲಿ ಶೇ 58.3, 2021ರಲ್ಲಿ ಶೇ 30.2. ಸ್ಥಾನಗಳ ಲೆಕ್ಕ ಕೊಡದೆ ಇದನ್ನೇ ಮುಂದೆ ಮಾಡಿದರೆ ಜನರಿಗೆ ಆಸಕ್ತಿ ಇಲ್ಲ ಎಂಬ ತಪ್ಪು ಅರ್ಥ ಹೊರಡುತ್ತದೆ.

ನಿಷೇಧವಿಲ್ಲದೆ ಮುಚ್ಚಿದ್ದನ್ನು ಎಣಿಸುವುದು ಹೇಗೆ

ನಾಗರಿಕ ಸ್ವಾತಂತ್ರ್ಯದ ಭಾಗದಲ್ಲಿ ಒಂದೇ ಪಟ್ಟಿ ಮಾಡಬೇಡಿ, ನಾಲ್ಕು ಮಾಡಿ: ಆರೋಪ ಹೊರಿಸಿದ್ದು, ಹಣ ತಡೆಹಿಡಿದದ್ದು, ತಾನೇ ವಿಸರ್ಜನೆಯಾದದ್ದು, ಅರ್ಜಿಯನ್ನೇ ಹಾಕದೆ ನಿಂತದ್ದು. ಆಪಲ್ ಡೈಲಿಯನ್ನು ನಿಷೇಧಿಸುವ ಆದೇಶ ಎಲ್ಲೂ ಸಿಗುವುದಿಲ್ಲ. ಸಂಪಾದಕರ ಬಂಧನವಾಯಿತು, ಕಂಪನಿಗಳ 1.8 ಕೋಟಿ ಹಾಂಗ್‌ಕಾಂಗ್ ಡಾಲರ್ ಆಸ್ತಿ ತಡೆಹಿಡಿಯಲಾಯಿತು, ಸಂಬಳ ಕೊಡಲಾಗದೆ ಪತ್ರಿಕೆ ನಿಂತಿತು. ಸುದ್ದಿತಾಣ ಸ್ಟ್ಯಾಂಡ್ ನ್ಯೂಸ್ 2021ರ ಡಿಸೆಂಬರ್ 29ರಂದು ಬಂಧನಗಳಾದ ದಿನವೇ ಮುಚ್ಚಿತು. ಕೆಲವೇ ದಿನಗಳಲ್ಲಿ ಸಿಟಿಜನ್ ನ್ಯೂಸ್ ಯಾರೊಬ್ಬರ ಬಂಧನವೂ ಇಲ್ಲದೆ ನಿಂತಿತು. ಬಂಧನದ ಸಂಖ್ಯೆಯನ್ನಷ್ಟೇ ಎಣಿಸುವವರ ಲೆಕ್ಕಕ್ಕೆ ಈ ಮೂರನೆಯದು ಸಿಗುವುದೇ ಇಲ್ಲ. ಸುಮಾರು 95 ಸಾವಿರ ಸದಸ್ಯರಿದ್ದ ಶಿಕ್ಷಕರ ಸಂಘವೂ, 1989ರ ತಿಯಾನನ್ಮೆನ್ ಹತ್ಯಾಕಾಂಡದ ನೆನಪಿಗೆ ವಿಕ್ಟೋರಿಯಾ ಪಾರ್ಕಿನಲ್ಲಿ ಜೂನ್ 4ರ ದೀಪಸ್ಮರಣೆ ನಡೆಸುತ್ತಿದ್ದ ಹಾಂಗ್‌ಕಾಂಗ್ ಅಲಯನ್ಸ್ ಕೂಡ ತಮ್ಮದೇ ತೀರ್ಮಾನದಿಂದ ವಿಸರ್ಜನೆಯಾದವು. ಸದಸ್ಯರು ಮತ ಹಾಕಿದರು ನಿಜ, ಆದರೆ ಅಲಯನ್ಸ್ ವಿಷಯದಲ್ಲಿ ಆ ಹೊತ್ತಿಗೆ ಅದರ ನಾಯಕರು ಜೈಲಿನಲ್ಲಿದ್ದರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು.

ಸಭೆ-ಮೆರವಣಿಗೆಯ ಅಂಕಿಅಂಶದಲ್ಲಿ ಒಂದು ಬಲೆ ಇದೆ. ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಂತೆ 30ಕ್ಕಿಂತ ಹೆಚ್ಚು ಜನರ ಮೆರವಣಿಗೆಗೂ 50ಕ್ಕಿಂತ ಹೆಚ್ಚು ಜನರ ಸಭೆಗೂ ಏಳು ದಿನ ಮೊದಲೇ ಪೊಲೀಸರಿಗೆ ತಿಳಿಸಬೇಕು. ಸಂಘಟಕರೇ ಇಲ್ಲವಾದ ಮೇಲೆ ಅರ್ಜಿ ಬರುವುದಿಲ್ಲ, ಅರ್ಜಿ ಇಲ್ಲದಿದ್ದರೆ ನಿರಾಕರಣೆಯೂ ಇಲ್ಲ. ನಿರಾಕರಣೆಯ ಸಂಖ್ಯೆ ಕುಸಿದದ್ದನ್ನು ಸಡಿಲಿಕೆ ಎಂದು ಓದಬೇಡಿ. ಜನಸಂಖ್ಯೆ ಬರೆಯುವಾಗ ಎರಡೂ ಅಂಕಿ ಕೊಡಿ: 2019ರ ಜೂನ್ 16ರ ಮೆರವಣಿಗೆಗೆ ಸಂಘಟಕರು ಹೇಳಿದ್ದು ಸುಮಾರು 20 ಲಕ್ಷ, ಪೊಲೀಸರು ಹೇಳಿದ್ದು ಅತಿ ಹೆಚ್ಚು ಜನ ಸೇರಿದ್ದ ಹೊತ್ತಿನಲ್ಲಿ 3.38 ಲಕ್ಷ.

ಸೂಚ್ಯಂಕಗಳು ಬೇಕೆನಿಸಿದರೆ ಬಳಸಿ, ಎಚ್ಚರದಿಂದ. ಗಡಿರಹಿತ ವರದಿಗಾರರು ಎಂಬ ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ ಹಾಂಗ್‌ಕಾಂಗ್ 2002ರಲ್ಲಿ 18ನೇ ಸ್ಥಾನ, 2021ರಲ್ಲಿ 80, 2022ರಲ್ಲಿ 148. ಕೊನೆಯ ಕುಸಿತ ಭೀಕರವಾಗಿ ಕಾಣುತ್ತದೆ, ಆದರೆ 2022ರಲ್ಲೇ ಆ ಸಂಸ್ಥೆ ಅಳೆಯುವ ವಿಧಾನ ಬದಲಿಸಿತು. ಈ ಮಾತು ಸೇರಿಸದೆ ಗ್ರಾಫ್ ಹಾಕುವುದು ಮೋಸ.

ಎದುರು ಪುರಾವೆಗೂ ಜಾಗ ಬಿಡಿ

2019ರ ಸರ್ಕಾರ ವಿರೋಧಿ ಪ್ರತಿಭಟನೆಗಳಲ್ಲಿ ಮೆಟ್ರೊ ನಿಲ್ದಾಣಗಳಿಗೆ ಬೆಂಕಿ ಬಿದ್ದದ್ದು, ಶಾಸನ ಮಂಡಳಿಯ ಕಟ್ಟಡಕ್ಕೆ ನುಗ್ಗಿದ್ದು ನಡೆದ ಸಂಗತಿಗಳು. ಶಾಂತಿ ಮರಳಿಸಲು ಕಾನೂನು ಬೇಕಾಯಿತು ಎಂಬುದು ಸರ್ಕಾರದ ನಿಲುವು. ಭದ್ರತೆಯ ಹಣೆಪಟ್ಟಿ ಇಲ್ಲದ ವಿಷಯಗಳಲ್ಲಿ ನ್ಯಾಯಾಲಯಗಳು ಈಗಲೂ ಸರ್ಕಾರದ ವಿರುದ್ಧ ತೀರ್ಪು ಕೊಡುತ್ತವೆ: ಸಲಿಂಗಿ ಜೋಡಿಗಳ ಸಂಬಂಧಕ್ಕೆ ಕಾನೂನಿನ ಚೌಕಟ್ಟು ಕೊಡಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅಂತಿಮ ನ್ಯಾಯಾಲಯ ಹೇಳಿತು. ಆ ಮಸೂದೆಯನ್ನು 2025ರಲ್ಲಿ ಶಾಸನ ಮಂಡಳಿ ತಿರಸ್ಕರಿಸಿತು ಎಂಬುದು ಬೇರೆ ಮಾತು. ಅತ್ತ ನ್ಯಾಯಾಲಯದ ವಿದೇಶಿ ನ್ಯಾಯಮೂರ್ತಿಗಳಲ್ಲಿ ರೀಡ್ ಮತ್ತು ಹಾಡ್ಜ್ 2022ರಲ್ಲಿ, ಸಂಪ್ಷನ್ ಮತ್ತು ಕಾಲಿನ್ಸ್ 2024ರಲ್ಲಿ ಹೊರಬಂದರು, ಉಳಿದವರೂ ಇದ್ದಾರೆ. ಎರಡನ್ನೂ ಕೋಷ್ಟಕದಲ್ಲಿ ಇಟ್ಟರೆ ಓದುಗರೇ ತೂಗುತ್ತಾರೆ. ಚೀನಾದ ಇನ್ನೊಂದು ಸ್ವಾಯತ್ತ ಪ್ರದೇಶ ಮಕಾವ್ ಜೊತೆ ಹೋಲಿಸುವುದೂ ಒಳ್ಳೆಯದು: ಅದು ತನ್ನ 23ನೇ ವಿಧಿಯ ಕಾನೂನನ್ನು 2009ರಲ್ಲೇ ಮಾಡಿಕೊಂಡಿತು, ಆದರೂ 2021ರಲ್ಲಿ ಅಭ್ಯರ್ಥಿಗಳ ಅನರ್ಹತೆ ತಪ್ಪಲಿಲ್ಲ.

ಅಲ್ಲಿರುವ ಜನರೊಂದಿಗೆ ಮಾತಾಡುವ ಮೊದಲು

ಭದ್ರತಾ ಕಾನೂನಿನ 38ನೇ ವಿಧಿ ಹೊರದೇಶದಲ್ಲಿ, ಹೊರಗಿನವರು ಮಾಡಿದ ಕೃತ್ಯಕ್ಕೂ ಅನ್ವಯಿಸುತ್ತದೆ. 2023ರ ಜುಲೈನಿಂದ ವಿದೇಶದಲ್ಲಿರುವ ಕಾರ್ಯಕರ್ತರ ತಲೆಗೆ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಇನಾಮು ಘೋಷಿಸಲಾಗಿದೆ. ಅಪಾಯ ಬರುವುದು ನಿಮಗಿಂತ ಹೆಚ್ಚಾಗಿ ನಿಮ್ಮೊಡನೆ ಮಾತಾಡಿದವರಿಗೆ. ಸಾರ್ವಜನಿಕ ದಾಖಲೆಯಿಂದ ಸಿದ್ಧವಾಗುವ ಸಂಗತಿಗೆ ವ್ಯಕ್ತಿಯ ಹೇಳಿಕೆ ಕೇಳಲೇಬೇಡಿ. ಕೇಳಲೇಬೇಕಾದರೆ ಹೆಸರು, ಕೆಲಸದ ಜಾಗ, ವಯಸ್ಸು, ಮಾತಿನ ಶೈಲಿ ಯಾವುದೂ ಟಿಪ್ಪಣಿಯಲ್ಲಿ ಒಟ್ಟಿಗೆ ಇರಬಾರದು. ವಿದೇಶಿ ಸರ್ಕಾರ ನಿರ್ಬಂಧ ಹೇರಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿರುವವರ ಮುಂದೆ ಇಡಬೇಡಿ. 29ನೇ ವಿಧಿಯ ಪ್ರಕಾರ ಅಂಥ ಬೇಡಿಕೆಯೇ ಅಪರಾಧ, ಉತ್ತರಿಸಿದವರು ಸಿಕ್ಕಿಬೀಳಬಹುದು.

ಕೋಷ್ಟಕವನ್ನು ಇಂದಿಗೆ ತರುತ್ತಿರಲು ಗೆಜೆಟ್ ನೋಡಿ. ಅದು ಶುಕ್ರವಾರ ಬರುತ್ತದೆ. ಉಪನಿಯಮಗಳು ಎರಡನೇ ಕಾನೂನು ಪುರವಣಿಯಲ್ಲಿರುತ್ತವೆ. ಮುಖ್ಯ ಕಾಯ್ದೆಗಳು ಆಗಿಹೋಗಿರುವುದರಿಂದ ಇನ್ನು ಬದಲಾವಣೆ ಬರುವುದು ಹೆಚ್ಚಾಗಿ ಈ ಪುರವಣಿಯಿಂದ. 2025ರ ಮೇನಲ್ಲಿ ಕೇಂದ್ರದ ಭದ್ರತಾ ಕಚೇರಿಯ ಆವರಣಗಳನ್ನು ನಿಷಿದ್ಧ ಸ್ಥಳಗಳೆಂದು ಸಾರಿದ ನಿಯಮಗಳು ಹೀಗೆಯೇ ಬಂದವು: ಮೊದಲು ಜಾರಿ, ಮಂಡಳಿಯ ಪರಿಶೀಲನೆ ಆಮೇಲೆ. ಅವು ಹೊರಬಿದ್ದದ್ದು ಮಂಗಳವಾರ, 2020ರ ಕಾನೂನು ಬಂದದ್ದೂ ಮಂಗಳವಾರವೇ. ಆದ್ದರಿಂದ ವಾರದ ಗೆಜೆಟ್ ಜೊತೆಗೆ ವಿಶೇಷ ಸಂಚಿಕೆಗಳ ಪಟ್ಟಿಯನ್ನೂ ತೆಗೆದು ನೋಡಿ.